ಮೋಟರ್‌ಹೋಮ್‌ನ ನೀರಿನ ಟ್ಯಾಂಕ್ ಸೋರುತ್ತಿದೆಯೇ? ಮೊದಲು ಜಾಗ ಹುಡುಕಿ, ಆಮೇಲೆ ಕೈ ಹಾಕಿ

ವ್ಯಾನಿನ ನೆಲ ಒದ್ದೆಯಾಗಿದೆ ಎಂದು ಗೊತ್ತಾದರೆ ಸಾಕು, ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ತಂದು ಕಲಸಿ, ಎಲ್ಲಿ ತೊಟ್ಟಿಕ್ಕುತ್ತಿದೆಯೋ ಅಲ್ಲಿ ಮೆತ್ತಿಬಿಡುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ನೀರು ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಟ್ಯಾಂಕಿನ ಮೇಲ್ಭಾಗದ ಪೈಪ್ ಜೋಡಣೆಯಲ್ಲಿ ಒಸರಿದ ನೀರು ಗೋಡೆಗುಂಟ ಇಳಿದು, ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಹರಿದು, ಎರಡು ಅಡಿ ಆಚೆ ಹನಿಯಾಗಿ ಬೀಳುತ್ತದೆ. ಅಲ್ಲಿ ಎಷ್ಟು ಮೆತ್ತಿದರೂ ಪ್ರಯೋಜನವಿಲ್ಲ. ಆದ್ದರಿಂದ ಈ ಬರಹದ ಅರ್ಧಭಾಗ ಸೋರುವ ಜಾಗವನ್ನು ಹುಡುಕುವುದಕ್ಕೇ ಮೀಸಲು.

ಚಿಕ್ಕಬಳ್ಳಾಪುರದ ಕಡೆ ಗಾಡಿ ಇಟ್ಟುಕೊಂಡವರಿಗೆ ಈ ತಾಳ್ಮೆ ಇನ್ನೂ ಅಗತ್ಯ. ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಆಸುಪಾಸಿನಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಆವಲಬೆಟ್ಟದ ಬುಡದಲ್ಲೋ ಬಾಗೇಪಲ್ಲಿ ಕಡೆಯ ಬಯಲಿನಲ್ಲೋ ರಾತ್ರಿ ತಂಗಿದಾಗ ಟ್ಯಾಂಕ್ ಬರಿದಾದರೆ ನೀರು ಕೇಳಲು ಹಳ್ಳಿ ಹುಡುಕಿಕೊಂಡು ಹೋಗಬೇಕು. ಸೆಕೆಂಡಿಗೆ ಒಂದೇ ಹನಿ ಬೀಳುತ್ತಿದೆ ಎಂದುಕೊಳ್ಳಿ. ಸುಮಾರು 20 ಹನಿಗೆ 1 ಮಿ.ಲೀ. ಲೆಕ್ಕ ಹಿಡಿದರೂ ಗಂಟೆಗೆ 180 ಮಿ.ಲೀ., ದಿನಕ್ಕೆ 4 ಲೀಟರಿಗಿಂತ ಹೆಚ್ಚು. 60 ಲೀಟರಿನ ಟ್ಯಾಂಕ್ ಎರಡು ವಾರದಲ್ಲಿ ತಾನಾಗಿಯೇ ಖಾಲಿ. ಅಷ್ಟೂ ನೀರು ಪ್ಲೈವುಡ್ ನೆಲದೊಳಗೆ ಇಂಗಿದರೆ ಟ್ಯಾಂಕಿನ ಬೆಲೆಗಿಂತ ನೆಲ ಕಿತ್ತು ಹಾಕಿಸುವ ಖರ್ಚೇ ದೊಡ್ಡದಾಗುತ್ತದೆ.

ಇದು ನಿಜಕ್ಕೂ ಸೋರಿಕೆಯೇ?

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲು ಮೂರು ಅನುಮಾನಗಳನ್ನು ಬಗೆಹರಿಸಿಕೊಳ್ಳಿ.

ಮೊದಲನೆಯದು ಗಾಳಿ ಕೊಳವೆ. ತುಂಬಿದ ಟ್ಯಾಂಕಿನೊಡನೆ ನಂದಿಬೆಟ್ಟದ ತಿರುವುಗಳನ್ನು ಹತ್ತಿದರೆ ನೀರು ಹಿಂದಕ್ಕೆ ನುಗ್ಗಿ, ಗಾಳಿ ಆಡಲೆಂದು ಇಟ್ಟ ಸಣ್ಣ ಕೊಳವೆಯಿಂದ ಹೊರಗೆ ಚೆಲ್ಲುತ್ತದೆ. ಬೆಟ್ಟ ಹತ್ತಿದ ದಿನ ಮಾತ್ರ ಒದ್ದೆ ಕಾಣಿಸಿ, ಸಮತಟ್ಟಿನಲ್ಲಿ ನಿಂತಾಗ ಏನೂ ಇಲ್ಲದಿದ್ದರೆ ಇದೇ ಕಾರಣ. ಕೊಳವೆಯ ತುದಿಯನ್ನು ಟ್ಯಾಂಕಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ಬಾಗಿಸಿ ಕಟ್ಟಿದರೆ ಮುಗಿಯಿತು.

ಎರಡನೆಯದು ಬೆವರು. ಡಿಸೆಂಬರ್, ಜನವರಿಯ ಚಳಿಯಲ್ಲಿ ರಾತ್ರಿಯಿಡೀ ತಣ್ಣಗಾದ ಟ್ಯಾಂಕಿನ ಹೊರಮೈ ಮೇಲೆ ವ್ಯಾನಿನೊಳಗಿನ ತೇವದ ಗಾಳಿ ಹನಿಗಟ್ಟಬಹುದು. ಬೆವರಾದರೆ ನೀರಿನ ಮಟ್ಟದವರೆಗೂ ಮೈಯೆಲ್ಲ ಒಂದೇ ಸಮ ಮಂಜು ಹಿಡಿದಂತೆ ಇರುತ್ತದೆ. ಸೋರಿಕೆಯಾದರೆ ಒಂದು ಗೆರೆ ಇರುತ್ತದೆ.

ಮೂರನೆಯದು ಸಿಂಕಿನ ಕೊಳಚೆ ನೀರು. ಒಂದು ಚಿಟಿಕೆ ಅಡುಗೆ ಬಣ್ಣ ಕದಡಿದ ನೀರನ್ನು ಸಿಂಕಿಗೆ ಸುರಿಯಿರಿ. ನೆಲದ ಮೇಲೆ ಬಣ್ಣದ ನೀರು ಬಂದರೆ ಟ್ಯಾಂಕನ್ನು ಬಿಟ್ಟು ಸಿಂಕಿನ ಪೈಪ್ ನೋಡಿ.

ಸೋರುವ ಜಾಗ ಹುಡುಕುವ ಕ್ರಮ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಟ್ಯಾಂಕ್ ಗಾಡಿಯ ಅಡಿಯಲ್ಲಿದ್ದರೆ ಬರೀ ಜಾಕಿಯನ್ನು ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಇನ್ವರ್ಟರ್ ಮತ್ತು 230 ವೋಲ್ಟ್ ಸಂಪರ್ಕವನ್ನು ಕಡಿತಗೊಳಿಸಿ. ಟ್ಯಾಂಕಿನ ಪಕ್ಕದಲ್ಲೇ ಬ್ಯಾಟರಿ ಇಟ್ಟಿರುವ ವ್ಯಾನುಗಳು ನಮ್ಮಲ್ಲಿ ಬಹಳ.

ಈಗ ಟ್ಯಾಂಕನ್ನು ಪೂರ್ತಿ ತುಂಬಿಸಿ, ಪಂಪಿನ ಸ್ವಿಚ್ ಆರಿಸಿ, ಹೊರಮೈಯನ್ನೂ ಪೈಪುಗಳನ್ನೂ ಹಳೆಯ ಪಂಚೆಯಿಂದ ಒಣಗಿಸಿ. ನೀರಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಟ್ಯಾಂಕ್ ಕಪ್ಪಾಗಿದ್ದು ಒಳಗಿನ ಮಟ್ಟ ಕಾಣದಿದ್ದರೆ ಬಾಯಿಯಿಂದ ಕಡ್ಡಿ ಇಳಿಸಿ ಅಳೆಯಿರಿ. ಕೆಳಗೆ ಒಣ ದಿನಪತ್ರಿಕೆ ಹಾಸಿ, ರಾತ್ರಿ ಹಾಗೆಯೇ ಬಿಡಿ.

ಬೆಳಗ್ಗೆ ಮಟ್ಟ ನೋಡಿದಾಗ ಬಹುಪಾಲು ಉತ್ತರ ಸಿಗುತ್ತದೆ. ಮಟ್ಟ ಸ್ವಲ್ಪ ಇಳಿದು ಒಂದು ಎತ್ತರದಲ್ಲಿ ನಿಂತುಬಿಟ್ಟಿದ್ದರೆ ತೂತು ಇರುವುದು ಅದೇ ಎತ್ತರದಲ್ಲಿ. ಆ ಎತ್ತರದ ಸುತ್ತ ಯಾವ ಜೋಡಣೆ ಇದೆ, ಯಾವ ಮೂಲೆ ಇದೆ ಎಂದು ನೋಡಿದರೆ ಹುಡುಕಾಟ ಅಂಗೈಯಗಲಕ್ಕೆ ಇಳಿಯುತ್ತದೆ. ಇಳಿಯುತ್ತಲೇ ಇದ್ದರೆ ತೂತು ತಳದಲ್ಲಿ ಅಥವಾ ತಳದ ಜೋಡಣೆಯಲ್ಲಿದೆ. ಮಟ್ಟ ಕದಲಿಲ್ಲವಾದರೆ ಟ್ಯಾಂಕ್ ಗಟ್ಟಿಯಾಗಿದೆ, ದೋಷ ಪಂಪಿನಿಂದ ಆಚೆ ಇದೆ.

ಇದಕ್ಕೆ ಕಾರಣ ಒತ್ತಡದ ವ್ಯತ್ಯಾಸ. 30 ಸೆಂ.ಮೀ. ಎತ್ತರದ ಟ್ಯಾಂಕಿನ ತಳದಲ್ಲಿ ನೀರಿನ ಒತ್ತಡ ಸುಮಾರು 0.03 ಬಾರ್. 12 ವೋಲ್ಟಿನ ಸಾಮಾನ್ಯ ಪಂಪ್ 2ರಿಂದ 3 ಬಾರ್ ಒತ್ತಡ ಕೊಡುತ್ತದೆ, ಅಂದರೆ ನೂರುಪಟ್ಟಿನ ಆಸುಪಾಸು. ಪಂಪ್ ನಿಂತಿರುವಾಗ ಒಣಗಿದ್ದು, ಓಡಿದಾಗ ಮಾತ್ರ ಒಸರುವ ಜಾಗ ಒತ್ತಡದ ಪೈಪಿನಲ್ಲಿರುತ್ತದೆ. ಎರಡನೆಯ ಹಂತದಲ್ಲಿ ಪಂಪ್ ಹಾಕಿ, ಎಲ್ಲ ನಲ್ಲಿಗಳನ್ನು ಮುಚ್ಚಿ, ಸುಮ್ಮನೆ ಕಿವಿಗೊಡಿ. ಒತ್ತಡ ತುಂಬಿದ ಮೇಲೆ ಪಂಪ್ ನಿಲ್ಲಬೇಕು. ಕೆಲವು ನಿಮಿಷಕ್ಕೊಮ್ಮೆ ತಾನಾಗಿ ಗುರ್ ಎಂದು ಓಡಿ ನಿಲ್ಲುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಹೊರಗೆ ಒದ್ದೆಯೇ ಇಲ್ಲವಾದರೆ ಪಂಪಿನೊಳಗಿನ ನಾನ್ ರಿಟರ್ನ್ ವಾಲ್ವ್ ಸವೆದು ನೀರು ಟ್ಯಾಂಕಿಗೇ ಮರಳುತ್ತಿರಬಹುದು. ನಲ್ಲಿ ಬಿಟ್ಟಾಗ ನೀರಿನ ಜೊತೆ ಗಾಳಿ ಸೇರಿ ಉಗಿದಂತೆ ಬಂದರೆ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ಜೋಡಣೆ ಸಡಿಲವಾಗಿದೆ. ಆ ಭಾಗದಲ್ಲಿ ಪಂಪ್ ಎಳೆದುಕೊಳ್ಳುವುದರಿಂದ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಒಂದು ಹನಿಯೂ ಬೀಳದ ಸೋರಿಕೆ ಇದು.

ಕೊನೆಯ ಹಂತಕ್ಕೆ ಮನೆಬಾಗಿಲಿಗೆ ಹಾಕುವ ಬಿಳಿ ರಂಗೋಲಿ ಪುಡಿ ಸಾಕು. ಅನುಮಾನ ಬಂದ ಜೋಡಣೆಯ ಸುತ್ತ, ಅಂಚುಗಳ ಮೇಲೆ, ತಳದ ಮೂಲೆಗಳಲ್ಲಿ ಒಣ ಪುಡಿಯನ್ನು ತೆಳುವಾಗಿ ಉದುರಿಸಿ ಟಾರ್ಚ್ ಹಿಡಿದು ಕಾಯಿರಿ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಪುಡಿಯ ಮಧ್ಯೆ ಒಂದು ಕಾಳಿನಷ್ಟು ಜಾಗ ಬೂದುಬಣ್ಣಕ್ಕೆ ತಿರುಗುತ್ತದೆ, ಅದರ ಬಾಲ ಕೆಳಗೆ ಎಳೆದುಕೊಂಡು ಹೋಗುತ್ತದೆ. ಬಾಲವನ್ನು ಬಿಟ್ಟು ತಲೆಯನ್ನು ಗುರುತು ಮಾಡಿ. ಬಿಳಿ ಟ್ಯಾಂಕಿನ ಮೇಲೆ ಇದು ಚೆನ್ನಾಗಿ ಕಾಣದು. ಅಲ್ಲಿ ಟಿಶ್ಯೂ ಕಾಗದವನ್ನು ಒತ್ತಿ ನೋಡುತ್ತಾ ಕೆಳಗಿನಿಂದ ಮೇಲಕ್ಕೆ ಬನ್ನಿ.

ನಮ್ಮ ಕಡೆಯ ಗಡಸು ನೀರು ಇಲ್ಲಿ ಒಂದು ಉಪಕಾರ ಮಾಡುತ್ತದೆ. ಕೊಳವೆಬಾವಿಯ ನೀರು ಒಸರಿ ಆರಿದಲ್ಲೆಲ್ಲ ಬಿಳಿ ಉಪ್ಪಿನ ಗೆರೆ ಬಿಟ್ಟುಹೋಗುತ್ತದೆ. ಹಳೆಯ ಸೋರಿಕೆಯಾದರೆ ಈ ಗೆರೆಯ ಮೇಲ್ತುದಿ ನೇರವಾಗಿ ತೂತಿನ ಬಾಯಿಗೆ ಕರೆದೊಯ್ಯುತ್ತದೆ. ಅದನ್ನು ಕೆರೆದು ಹಾಕುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕೆಲವೊಮ್ಮೆ ಈ ಉಪ್ಪೇ ತೂತನ್ನು ಮುಚ್ಚಿ ಸೋರಿಕೆ ನಿಂತಂತೆ ತೋರುವುದೂ ಉಂಟು. ನಾಲ್ಕು ರಸ್ತೆ ಉಬ್ಬು ದಾಟಿದರೆ ಮತ್ತೆ ಶುರು. ತಾನಾಗಿ ನಿಂತ ಸೋರಿಕೆಯನ್ನು ವಾಸಿಯಾಯಿತೆಂದು ತಿಳಿಯಬೇಡಿ.

ಜೋಡಣೆಗಳು: ಮೊದಲು ನೋಡಬೇಕಾದದ್ದು ಇಲ್ಲಿ

ಟ್ಯಾಂಕ್ ಒಡೆಯುವುದಕ್ಕಿಂತ ಟ್ಯಾಂಕ್ ನಿಪ್ಪಲ್ (ಟ್ಯಾಂಕಿಗೆ ಪೈಪ್ ಸೇರಿಸುವ ಥ್ರೆಡ್ ಇರುವ ತುಂಡು) ಸಡಿಲವಾಗುವುದು, ವಾಷರ್ ಗಟ್ಟಿಯಾಗಿ ಸೀಳುವುದು, ಹೋಸ್ ಕ್ಲಿಪ್ ಹಿಡಿತ ಕಳೆದುಕೊಳ್ಳುವುದೇ ಸಾಮಾನ್ಯ. ಮನೆಯ ಮೇಲಿನ ಟ್ಯಾಂಕಿಗೆ ಅಲುಗಾಟವಿಲ್ಲ. ವ್ಯಾನಿನ ಟ್ಯಾಂಕ್ ದಿನವಿಡೀ ನಡುಗುತ್ತದೆ. ಅದಕ್ಕೇ ಮನೆಯ ಪ್ಲಂಬಿಂಗ್ ಕೆಲಸದ ಕೆಲವು ರೂಢಿಗಳು ಇಲ್ಲಿ ನಡೆಯುವುದಿಲ್ಲ. ಟ್ಯಾಂಕಿಗೆ ನೇರವಾಗಿ ಗಟ್ಟಿ ಪಿವಿಸಿ ಪೈಪ್ ಅಂಟಿಸಿದರೆ ಪ್ರತಿ ಕುಲುಕಾಟವೂ ನಿಪ್ಪಲ್ಲಿನ ಬುಡಕ್ಕೆ ಬೀಳುತ್ತದೆ. ಟ್ಯಾಂಕಿನಿಂದ ಹೊರಡುವ ಮೊದಲ ಒಂದಡಿಯಾದರೂ ಬಾಗುವ, ಆಹಾರ ದರ್ಜೆಯ ಹೋಸ್ ಇರಬೇಕು.

ನಿಪ್ಪಲ್ ರಿಪೇರಿಗೆ ಟ್ಯಾಂಕನ್ನು ಖಾಲಿ ಮಾಡಿ, ನಟ್ ಬಿಚ್ಚಿ, ಹಳೆಯ ವಾಷರ್ ತೆಗೆದು ಎಸೆಯಿರಿ. ತಿರುಗಿಸಿ ಹಾಕುವ ಆಸೆ ಬೇಡ. ತೂತಿನ ಅಂಚಿನಲ್ಲಿ ಉಪ್ಪು ಕಟ್ಟಿದ್ದರೆ ನಿಂಬೆಹುಳಿ ನೀರಿನಿಂದ ನೆನೆಸಿ ಒರೆಸಿ. ಚಾಕುವಿನಿಂದ ಕೆರೆದರೆ ಆ ಗೀರೇ ಹೊಸ ಸೋರುದಾರಿ. ಹೊಸ ರಬ್ಬರ್ ವಾಷರ್ ನೀರಿನ ಕಡೆಗೆ, ಅಂದರೆ ಟ್ಯಾಂಕಿನ ಒಳಮೈಗೆ ಕೂರಬೇಕು. ನಟ್ಟನ್ನು ಕೈಯಿಂದ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ವಾಷರ್ ಅಂಚಿನಿಂದ ಹೊರಗೆ ಉಬ್ಬಿ ಬಂತೆಂದರೆ ಬಿಗಿ ಮಿತಿಮೀರಿದೆ.

ಟೆಫ್ಲಾನ್ ಟೇಪು ಥ್ರೆಡ್‌ಗೆ ಮಾತ್ರ, ವಾಷರ್ ಕೂರುವ ಮೈಗೆ ಬೇಡ. ಥ್ರೆಡ್‌ನ ತುದಿಯನ್ನು ನಿಮ್ಮ ಮುಖದ ಕಡೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೂರರಿಂದ ಐದು ಸುತ್ತು ಸುತ್ತಿ. ತಿರುಗುಮುರುಗಾಗಿ ಸುತ್ತಿದರೆ ಬಿಗಿ ಮಾಡುವಾಗ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ದಾರ ಸುತ್ತಿ ಬಣ್ಣ ಬಳಿಯುವ ಹಳೆಯ ಪದ್ಧತಿಯನ್ನು ಪ್ಲಾಸ್ಟಿಕ್ ಜೋಡಣೆಗೆ ಬಳಸಬೇಡಿ. ದಪ್ಪಗೆ ಸುತ್ತಿದ ದಾರ ಹೊರಗಿನ ಪ್ಲಾಸ್ಟಿಕ್ಕನ್ನು ಸೀಳುತ್ತದೆ, ಬಣ್ಣವಂತೂ ಕುಡಿಯುವ ನೀರಿನಲ್ಲಿ ಇರಲೇಬಾರದು.

ಹೋಸ್ ತುದಿ ಸೀಳಿದ್ದರೆ ಎರಡು ಬೆರಳಗಲ ಕತ್ತರಿಸಿ, ಉಳಿದ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಏರಿಸಿ, ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ ಹಾಕಿ.

ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿದ್ದರೆ

ಸಣ್ಣ ಮೋಟರ್‌ಹೋಮ್‌ಗಳ ಟ್ಯಾಂಕ್ ಹೆಚ್ಚಾಗಿ ಪಾಲಿಎಥಿಲೀನ್‌ನದು. ಈ ಪ್ಲಾಸ್ಟಿಕ್ಕಿನ ಮೈಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಎಪಾಕ್ಸಿ, ಸಿಲಿಕೋನ್, ಪಿವಿಸಿ ಸೊಲ್ಯೂಷನ್ ಯಾವುದೇ ಇರಲಿ, ಒಣಗಿದಾಗ ಗಟ್ಟಿಯಾಗಿ ಕೂತಂತೆ ಕಂಡರೂ ಗಾಡಿ ಅಲುಗಿದ ಮೇಲೆ ಸಿಪ್ಪೆಯಂತೆ ಎದ್ದುಬರುತ್ತದೆ. ಸಾಲದ್ದಕ್ಕೆ ಮುಂದೆ ಬೆಸುಗೆ ಹಾಕಬೇಕಾದ ಜಾಗವನ್ನೂ ಕೆಡಿಸಿರುತ್ತದೆ. ನಿಮ್ಮ ಟ್ಯಾಂಕ್ ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ತಳದಲ್ಲಿ ತ್ರಿಕೋನದೊಳಗಿನ ಅಂಕಿ ನೋಡಿ: 2 ಇದ್ದರೆ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಎಥಿಲೀನ್), 5 ಇದ್ದರೆ ಪಾಲಿಪ್ರೊಪಿಲೀನ್. ಅಂಕಿ ಇಲ್ಲದಿದ್ದರೆ ಅಂಚಿನಿಂದ ಒಂದು ಚೂರು ಹೆರೆದು ನೀರಿಗೆ ಹಾಕಿ. ಇವೆರಡೂ ತೇಲುತ್ತವೆ, ಪಿವಿಸಿ ಮುಳುಗುತ್ತದೆ.

ಶಾಶ್ವತ ಪರಿಹಾರ ಬಿಸಿಗಾಳಿಯ ಪ್ಲಾಸ್ಟಿಕ್ ವೆಲ್ಡಿಂಗ್. ಕಾರಿನ ಬಂಪರ್ ಬೆಸೆಯುವ ಗ್ಯಾರೇಜುಗಳಲ್ಲಿ ಇದನ್ನು ಬಲ್ಲವರು ಸಿಗುತ್ತಾರೆ, ಆದರೆ ಬಂಪರಿಗೆ ಕರಗಿಸಿ ತುಂಬುವ ಪ್ಲಾಸ್ಟಿಕ್ ಕಡ್ಡಿ ನಿಮ್ಮ ಟ್ಯಾಂಕಿಗೆ ಆಗುವುದಿಲ್ಲ. ಎಚ್‌ಡಿಪಿಇಗೆ ಎಚ್‌ಡಿಪಿಇ ಕಡ್ಡಿಯೇ ಬೇಕು, ಅದೂ ಬಣ್ಣ ಬೆರೆಸದ್ದು. ನಿಪ್ಪಲ್ ಕೂರಿಸಲು ಟ್ಯಾಂಕಿನಿಂದ ಕೊರೆದು ತೆಗೆದ ಬಿಲ್ಲೆಯನ್ನು ಎಸೆಯದೆ ಇಟ್ಟಿದ್ದರೆ ಅದನ್ನೇ ಪಟ್ಟಿಯಾಗಿ ಸೀಳಿ ಬಳಸಬಹುದು; ಅದಕ್ಕಿಂತ ಹೊಂದುವ ಕಡ್ಡಿ ಇನ್ನೊಂದಿಲ್ಲ.

ಕೆಲಸ ಹೀಗೆ ಸಾಗಬೇಕು. ಟ್ಯಾಂಕನ್ನು ಗಾಡಿಯಿಂದ ಇಳಿಸಿ ಬಿಸಿಲಿನಲ್ಲಿ ಬಾಯಿ ತೆರೆದು ಒಣಗಿಸಿ. ಬಿರುಕಿನೊಳಗೆ ತೇವ ಉಳಿದರೆ ಬಿಸಿಗೆ ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಕಟ್ಟುತ್ತದೆ. ಬಿರುಕಿನ ಎರಡೂ ತುದಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸಿ, ಅಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಈ ಎರಡು ತೂತುಗಳೇ ಬಿರುಕು ಮುಂದೆ ಹರಿಯದಂತೆ ತಡೆಯುವುದು; ಇದನ್ನು ಬಿಟ್ಟು ಮಾಡಿದ ಬೆಸುಗೆಯ ಪಕ್ಕದಿಂದಲೇ ಹೊಸ ಬಿರುಕು ಏಳುತ್ತದೆ. ಬಿರುಕಿನುದ್ದಕ್ಕೂ ಇಂಗ್ಲಿಷಿನ ‘ವಿ’ ಆಕಾರದ ಕಾಲುವೆ ತೆಗೆದು, ಸುತ್ತಲಿನ ಮೇಲ್ಪದರವನ್ನು ಹೊಳಪು ಹೋಗುವಷ್ಟು ಹೆರೆಯಿರಿ. ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಗನ್ನಿನ ಗಾಳಿ 250ರಿಂದ 300 ಡಿಗ್ರಿಯ ನಡುವೆ ಇರಬೇಕು. ಕಡ್ಡಿಯೂ ಕಾಲುವೆಯ ಎರಡೂ ಗೋಡೆಯೂ ಒಟ್ಟಿಗೆ ಮೆತ್ತಗಾದಾಗ ಕಡ್ಡಿಯನ್ನು ಒತ್ತುತ್ತಾ ಮುಂದೆ ಸಾಗಬೇಕು. ಬೆಸುಗೆಯ ಎರಡೂ ಅಂಚಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏರು ಸಮನಾಗಿ ಎದ್ದಿದ್ದರೆ ಕೆಲಸ ಸರಿಯಾಗಿದೆ. ಕಂದು ಬಣ್ಣಕ್ಕೆ ತಿರುಗಿದರೆ ಸುಟ್ಟಿದೆ. ಬೆಸುಗೆಯನ್ನು ನೀರೆರಚಿ ತಣಿಸಬೇಡಿ, ತಾನಾಗಿ ಆರಲಿ.

ಸೋಲ್ಡರಿಂಗ್ ಕಡ್ಡಿಯಿಂದ ಮೇಲ್ಮೇಲೆ ಕರಗಿಸಿ ಸವರುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ತೆಳ್ಳನೆ ಪೊರೆ ಕೂಡಿಕೊಂಡಂತೆ ಕಾಣುತ್ತದೆ, ಒಳಗಿನ ಸೀಳು ಹಾಗೆಯೇ ಉಳಿದಿರುತ್ತದೆ.

ಬಿರುಕು ಬೆರಳುದ್ದಕ್ಕಿಂತ ಹೆಚ್ಚಿದ್ದರೆ, ಮೂಲೆಯಲ್ಲಿದ್ದರೆ, ಅಥವಾ ಬಿಸಿಲಿಗೆ ಮೈ ಪುಡಿಪುಡಿಯಾಗಿದ್ದರೆ ಬೆಸುಗೆಗೆ ಹಣ ಹಾಕದೆ ಟ್ಯಾಂಕನ್ನೇ ಬದಲಿಸಿ.

ಸ್ಟೀಲ್ ಟ್ಯಾಂಕ್

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕುಗಳು ಬೆಸುಗೆಯ ಸಾಲಿನಲ್ಲೇ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಆರ್ಗಾನ್ ವೆಲ್ಡಿಂಗ್ ಮಾಡುವವರಲ್ಲಿಗೇ ಹೋಗಿ. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ನಾಡು, ಹಾಲಿನ ಸ್ಟೀಲ್ ತೊಟ್ಟಿ ಬೆಸೆದು ಅಭ್ಯಾಸವಿರುವ ಕೈಗೆ ಇದು ಗೊತ್ತಿರುವ ಕೆಲಸ. 308ಎಲ್ ಕಡ್ಡಿ ಬಳಸುವಂತೆ, ಟ್ಯಾಂಕಿನ ಒಳಗೂ ಆರ್ಗಾನ್ ಹರಿಸುವಂತೆ ಹೇಳಿ. ಒಳಗೆ ಆರ್ಗಾನ್ ಇಲ್ಲದೆ ಬೆಸೆದರೆ ಒಳಮೈ ಕರಕಲಾಗಿ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಟ್ಯಾಂಕನ್ನು ಗಾಡಿಯಲ್ಲೇ ಇಟ್ಟು ಬೆಸೆಯಲು ಬಿಡಬೇಡಿ. ಅಡುಗೆ ಅನಿಲದ ಸಿಲಿಂಡರ್ ಇರುವ ಜಾಗ ಅದು.

ದಾರಿಯಲ್ಲಿ ಸೋರಿದರೆ

ಟ್ಯಾಂಕಿನ ಪಕ್ಕ ಬಿರುಕು ಬಿಟ್ಟಿದ್ದರೆ ನೀರನ್ನು ಬಿರುಕಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ಹೆಚ್ಚಿನದನ್ನು ಕ್ಯಾನುಗಳಿಗೆ ತುಂಬಿಸಿಕೊಳ್ಳಿ. ಸಣ್ಣ ತೂತಾದರೆ ಎರಡು ಕಡೆ ರಬ್ಬರ್ ವಾಷರ್ ಇರುವ ಸ್ಟೀಲ್ ಬೋಲ್ಟ್ ಹಾಕಿ ಬಿಗಿದರೆ ಊರು ಮುಟ್ಟುವವರೆಗೆ ತಡೆಯುತ್ತದೆ. ಗಾಡಿಯಲ್ಲಿ ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ), ಸೈಕಲ್ ಟ್ಯೂಬಿನ ತುಂಡು, ನಾಲ್ಕು ಹೋಸ್ ಕ್ಲಿಪ್, ಎರಡು ವಾಷರ್ ಸದಾ ಇರಲಿ. ಟ್ಯೂಬಿನ ರಬ್ಬರ್ ತಾಗಿದ ನೀರನ್ನು ಕೈಕಾಲು ತೊಳೆಯಲು ಮಾತ್ರ ಬಳಸಿ.

ಒಡೆದದ್ದು ಏಕೆ?

ಇದನ್ನು ಕೇಳದೆ ಟ್ಯಾಂಕನ್ನು ಮರಳಿ ಕೂರಿಸಿದರೆ ಅದೇ ಜಾಗ ಮತ್ತೆ ಒಡೆಯುತ್ತದೆ. 80 ಲೀಟರ್ ಅಂದರೆ 80 ಕೆ.ಜಿ. ಪ್ರತಿ ಬ್ರೇಕಿಗೂ ಆ ಭಾರ ಮುಂದಕ್ಕೆ ಜಗ್ಗುತ್ತದೆ. ಟ್ಯಾಂಕಿನ ತಳ ಪೂರ್ತಿಯಾಗಿ ಹಲಗೆಯ ಮೇಲೆ ಕೂರಬೇಕು, ನಡುವೆ ರಬ್ಬರ್ ಹಾಳೆ ಇರಬೇಕು. ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಮಾತ್ರ ನಿಂತ ಟ್ಯಾಂಕ್ ಆ ಪಟ್ಟಿಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಬೆಲ್ಟಿನ ಅಡಿಗೂ ರಬ್ಬರ್ ಕೊಡಿ.

ಇನ್ನೊಂದು ಕಾರಣ, ಬಹಳ ಜನ ಗಮನಿಸದ್ದು, ಕಟ್ಟಿಕೊಂಡ ಗಾಳಿ ಕೊಳವೆ. ಧೂಳು ತುಂಬಿಯೋ ಕಡಜ ಮಣ್ಣಿನ ಗೂಡು ಕಟ್ಟಿಯೋ ಅದು ಮುಚ್ಚಿಹೋದಾಗ ತೋಟದ ಮೋಟರಿನ ಹೋಸನ್ನು ಬಾಯಿಗೆ ಬಿಗಿಯಾಗಿ ಸಿಕ್ಕಿಸಿ ತುಂಬಿಸಿದರೆ ಟ್ಯಾಂಕ್ ಉಬ್ಬುತ್ತದೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಎತ್ತರದ ಗೋಡೆಯ ಮೇಲೆ 0.1 ಬಾರ್ ಒತ್ತಡ ಬಿದ್ದರೂ ಅದು ಸುಮಾರು 240 ಕೆ.ಜಿ. ಭಾರಕ್ಕೆ ಸಮ. ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿದು ಟ್ಯಾಂಕ್ ಪರೀಕ್ಷಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಕೊಳವೆಯ ತುದಿಗೆ ಸಣ್ಣ ಕಣ್ಣಿನ ಸ್ಟೀಲ್ ಬಲೆ ಕಟ್ಟಿ, ತಿಂಗಳಿಗೊಮ್ಮೆ ಬಾಯಿಂದ ಊದಿ ನೋಡಿ.

ರಿಪೇರಿಯ ನಂತರ

ಟ್ಯಾಂಕನ್ನು ಗಾಡಿಗೆ ಏರಿಸುವ ಮೊದಲೇ ಅಂಗಳದಲ್ಲಿ ತುಂಬಿಸಿ ಒಂದು ರಾತ್ರಿ ಇಡಿ. ಒಣಗಿಯೇ ಇದ್ದರೆ ಏರಿಸಿ, ಪಂಪ್ ಜೋಡಿಸಿ, ಒತ್ತಡದ ಪರೀಕ್ಷೆಯನ್ನು ಮತ್ತೆ ಮಾಡಿ.

ಆಮೇಲೆ ಸೋಂಕು ನಿವಾರಣೆ. ಸುಗಂಧ ಸೇರಿಸದ, 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕದಲ್ಲಿ ಬೆರೆಸಿ. 60 ಲೀಟರಿಗೆ 60 ಮಿ.ಲೀ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಪಂಪ್ ಓಡಿಸಿ, ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಿರಿ. ಸ್ಟೀಲ್ ಟ್ಯಾಂಕಿನಲ್ಲಿ ಈ ದ್ರಾವಣವನ್ನು ರಾತ್ರಿಯಿಡೀ ಬಿಡಬೇಡಿ, ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ. ಉಪ್ಪಿನ ಪದರ ತೆಗೆಯಲು ನಿಂಬೆಹುಳಿ ಅಥವಾ ವಿನಿಗರ್ ಬಳಸಿದ್ದರೆ ಅದನ್ನು ಪೂರ್ತಿ ತೊಳೆದ ಮೇಲಷ್ಟೇ ಹೈಪೋಕ್ಲೋರೈಟ್ ಹಾಕಿ. ಹುಳಿಯೂ ಇದೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ತುಂಬಿಸುವ ನೀರಿನ ಬಗ್ಗೆಯೂ ಎಚ್ಚರವಿರಲಿ. ಬಾಗೇಪಲ್ಲಿ, ಗುಡಿಬಂಡೆ, ಪಕ್ಕದ ಕೋಲಾರ ಮತ್ತು ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಸಹ್ಯ ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಿಂದ ಬೇರೆ ಕ್ಯಾನಿನಲ್ಲಿ ಹಿಡಿಯಿರಿ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ತುಂಬಿಸಿದ ಕೆರೆಗಳಿಂದ ಟ್ಯಾಂಕ್ ತುಂಬಿಸಲೇಬೇಡಿ. ಆ ನೀರು ಅಂತರ್ಜಲ ಹೆಚ್ಚಿಸಲು ಹರಿಸಿದ್ದೇ ಹೊರತು ಬಳಸಲು, ಕುಡಿಯಲು ಅಲ್ಲ.

ಕೊನೆಯದು ನೆಲ. ವಿನೈಲ್ ಹಾಸನ್ನು ಎತ್ತಿ, ಪ್ಲೈವುಡ್ಡನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ. ಮೊನೆ ಒಳಗಿಳಿದರೆ ಆ ತುಂಡನ್ನು ಕತ್ತರಿಸಿ ಬದಲಿಸಿ. ಗಟ್ಟಿಯಾಗಿದ್ದರೆ ಬಾಗಿಲು ತೆರೆದು, ಫ್ಯಾನ್ ಹಾಕಿ, ಪೂರ್ತಿ ಒಣಗಿದ ಮೇಲೆ ಹಾಸು ಮುಚ್ಚಿ. ಮೊದಲ ಓಡಾಟವನ್ನು ಊರಿನ ಆಸುಪಾಸಿನಲ್ಲೇ, ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡು ಮಾಡಿ. ಮರಳಿದ ಕೂಡಲೇ ನಿಪ್ಪಲ್ಲಿನ ನಟ್ ಮತ್ತು ಬೆಲ್ಟುಗಳನ್ನು ಮುಟ್ಟಿ ನೋಡಿ, ಸಡಿಲವಾಗಿದ್ದರೆ ಬಿಗಿ ಮಾಡಿ.